ಡೀಸೆಲ್ ಇಳಿದರೆ ಲಾರಿಯವನಿಗೆ ಉಳಿಯುವುದೆಷ್ಟು? ತಲಪಾಡಿ ಗಡಿಯಿಂದ ನನ್ನ ಅನುಭವ

ಡೀಸೆಲ್ ಬೆಲೆ ಇಳಿದ ದಿನ ಲಾರಿಯವರ ಮನೆಯಲ್ಲಿ ಪಾಯಸ ಮಾಡುತ್ತಾರೆಂದು ಹೊರಗಿನವರು ತಿಳಿದಿರುವಂತಿದೆ. ನನ್ನ ಮೊಬೈಲಿಗೆ ಅಂದು ಬರುವ ಮೊದಲ ಕರೆ ಲೋಡು ಹುಡುಕಿಕೊಡುವ ಬ್ರೋಕರನದು. "ಅಣ್ಣಾ, ಡೀಸೆಲ್ ಇಳಿಯಿತಲ್ಲ, ನಾಳೆಯ ಲೋಡಿಗೆ ಒಂದೂವರೆ ಕಡಿಮೆ ಮಾಡಿಕೊಡಿ." ಒಂದೂವರೆ ಎಂದರೆ ಒಂದೂವರೆ ಸಾವಿರ. ಡೀಸೆಲ್ ಏರಿದ ದಿನ ಇದೇ ಮನುಷ್ಯನ ಫೋನು ಸತ್ತುಹೋಗಿರುತ್ತದೆ. ನಾನಾಗಿಯೇ ಕರೆದರೆ "ಪಾರ್ಟಿ ಒಪ್ಪುವುದಿಲ್ಲ ಅಣ್ಣಾ, ಮುಂದಿನ ತಿಂಗಳು ನೋಡೋಣ" ಎನ್ನುತ್ತಾನೆ. ಪಾರ್ಟಿ ಎಂದರೆ ಮಾಲು ಕಳಿಸುವ ಯಜಮಾನ.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯವನು. ಮಂಗಳೂರಿನಿಂದ ಬರುವಾಗ ತಲಪಾಡಿಯಲ್ಲಿ ಕರ್ನಾಟಕ ಮುಗಿದು ಕೇರಳ ಶುರುವಾಗುತ್ತದೆ, ನಮ್ಮೂರು ಕೇರಳದ ಬದಿ. ಒಂದೇ ಒಂದು ಹತ್ತು ಚಕ್ರದ ಲಾರಿ, ಅದಕ್ಕೆ ಮಾಲೀಕನೂ ನಾನೇ, ಡ್ರೈವರನೂ ನಾನೇ. ಬೈಕಂಪಾಡಿಯ ಗೋದಾಮುಗಳಿಂದ ಮತ್ತು ಮಂಗಳೂರಿನ ಬಂದರಿನಿಂದ ಅಕ್ಕಿ, ಪಶು ಆಹಾರ ತುಂಬಿಕೊಂಡು ಕಣ್ಣೂರು, ಕೋಝಿಕ್ಕೋಡು, ಎರ್ನಾಕುಳಂ ಕಡೆಗೆ ಇಳಿಯುತ್ತೇನೆ. ಬರುವಾಗ ಎರ್ನಾಕುಳಂ ಕಡೆಯ ಪೆರುಂಬಾವೂರಿನ ಪ್ಲೈವುಡ್ ಸಿಕ್ಕಿದರೆ ಅದು ನಮ್ಮ ಪುಣ್ಯ. ಇಪ್ಪತ್ತು ಮೂವತ್ತು ಲಾರಿ ಇಟ್ಟುಕೊಂಡವರ ಲೆಕ್ಕ ಬೇರೆ. ಅವರಿಗೆ ಕಂಪನಿಗಳ ಜತೆ ವರ್ಷದ ಕರಾರು ಇರುತ್ತದೆ, ಆ ಕರಾರಿನೊಳಗೆ ಡೀಸೆಲ್ ಏರಿಳಿತಕ್ಕೊಂದು ಕಲಮು ಇರುತ್ತದೆ. ನಮ್ಮಂಥ ಒಂಟಿ ಲಾರಿಯವರಿಗೆ ಅಂದಂದಿನ ಬಾಡಿಗೆಯೇ ಗತಿ. ನಮ್ಮ ಕಡೆಯ ಹುಡುಗರು ಸಾಲ ಮಾಡಿ ಲಾರಿ ಕೊಳ್ಳುವ ಮೊದಲು ನನ್ನನ್ನು ಕೇಳುವುದು ಮೈಲೇಜು, ಟಯರು, ಎಂಜಿನ್ ವಿಚಾರ. ಡೀಸೆಲ್ ಇಳಿದಾಗ ಬಾಡಿಗೆಯನ್ನು ಹೇಗೆ ಹಿಡಿದುಕೊಳ್ಳುವುದು ಎಂದು ಯಾರೂ ಕೇಳುವುದಿಲ್ಲ. ಬರೆಯಬೇಕೆನಿಸಿದ್ದು ಅದನ್ನೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಟಿವಿಯಲ್ಲಿ ಇಳಿಯುವುದು ಕಚ್ಚಾ ತೈಲ. ನಾವು ಟ್ಯಾಂಕಿಗೆ ತುಂಬುವುದು ಡೀಸೆಲ್. ಇವೆರಡರ ನಡುವೆ ದೆಹಲಿಯ ಅಬಕಾರಿ ಸುಂಕ ಇದೆ, ರಾಜ್ಯದ ಮಾರಾಟ ತೆರಿಗೆ ಇದೆ, ತೈಲ ಕಂಪನಿಗಳ ಹಳೆಯ ನಷ್ಟದ ಲೆಕ್ಕ ಇದೆ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನು ಸರಕಾರ ತನ್ನ ಹಿಡಿತದಿಂದ ಬಿಟ್ಟಿತು. ಆ ದಿನವೇ ಲೀಟರಿಗೆ ಮೂರು ರೂಪಾಯಿಗೂ ಮೇಲೆ ಇಳಿದದ್ದನ್ನು ನೋಡಿ ನಾವೆಲ್ಲ ಹಿಗ್ಗಿದೆವು. ಐದು ವರ್ಷಗಳಿಗೂ ಹೆಚ್ಚು ಕಾಲದಿಂದ ಡೀಸೆಲ್ ಇಳಿದದ್ದೇ ಇರಲಿಲ್ಲ. ಇನ್ನು ಮೇಲೆ ಕಚ್ಚಾ ತೈಲ ಇಳಿದ ಹಾಗೆಲ್ಲ ಪಂಪಿನಲ್ಲಿಯೂ ಇಳಿಯುತ್ತದೆ ಎಂಬ ಮಾತು ಎಲ್ಲ ಬುಕಿಂಗ್ ಕಚೇರಿಗಳಲ್ಲಿ ಓಡಾಡಿತು. ಕಚ್ಚಾ ತೈಲವೇನೋ ಇಳಿಯಿತು. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ ನೂರು ಡಾಲರಿನ ಮೇಲಿದ್ದದ್ದು 2016ರ ಜನವರಿಯಲ್ಲಿ ಮೂವತ್ತಕ್ಕೂ ಕೆಳಗೆ ಹೋಯಿತು. ಅದೇ ಅವಧಿಯಲ್ಲಿ ಕೇಂದ್ರ ಸರಕಾರ ಅಬಕಾರಿ ಸುಂಕವನ್ನು ಒಂಬತ್ತು ಸಲ ಏರಿಸಿತು. ಡೀಸೆಲ್ ಮೇಲೆ ಒಟ್ಟು ಹದಿಮೂರು ರೂಪಾಯಿಗೂ ಹೆಚ್ಚು. ಪಂಪಿನಲ್ಲಿ ಇಳಿದಿಲ್ಲ ಎನ್ನಲಾರೆ, ಇಳಿಯಿತು. ಟಿವಿ ಹೇಳಿದಷ್ಟು ಇಳಿಯಲಿಲ್ಲ, ಅಷ್ಟೆ. ಆದರೆ ಪಾರ್ಟಿಗಳು ಬಾಡಿಗೆ ಇಳಿಸಲು ಕೇಳಿದ್ದು ಟಿವಿಯ ಲೆಕ್ಕದಲ್ಲಿ.

2020ರ ಏಪ್ರಿಲ್ ಇನ್ನೂ ವಿಚಿತ್ರ. ಅಮೆರಿಕದ ಕಚ್ಚಾ ತೈಲದ ಬೆಲೆ ಒಂದು ದಿನ ಸೊನ್ನೆಗಿಂತಲೂ ಕೆಳಗೆ ಹೋಯಿತು ಎಂದು ಸುದ್ದಿ ಬಂದಾಗ ನಮ್ಮ ಗಡಿಯ ಒಳದಾರಿಗಳಿಗೆಲ್ಲ ಮಣ್ಣು ಸುರಿದಿದ್ದರು, ತಲಪಾಡಿಯಲ್ಲಿ ಸಾಮಾನಿನ ಲಾರಿಗೂ ನೂರೆಂಟು ತಪಾಸಣೆ. ಮೇ ತಿಂಗಳಲ್ಲಿ ಡೀಸೆಲ್ ಮೇಲೆ ಒಂದೇ ಏಟಿಗೆ ಹದಿಮೂರು ರೂಪಾಯಿ ಸುಂಕ ಬಿತ್ತು. ಪಂಪಿನ ಬೆಲೆ ಅಲುಗಾಡಲಿಲ್ಲ, ಏಕೆಂದರೆ ಇಳಿದದ್ದೆಲ್ಲ ಆ ಸುಂಕಕ್ಕೇ ಸರಿಹೋಯಿತು. ಲೋಕಕ್ಕೆಲ್ಲ ಅಗ್ಗವಾದ ಎಣ್ಣೆ ನಮ್ಮ ಟ್ಯಾಂಕಿಗೆ ಅಗ್ಗವಾಗಿ ಬೀಳಲೇ ಇಲ್ಲ. 2025ರ ಏಪ್ರಿಲಿನಲ್ಲೂ ಹೀಗೆಯೇ ಆಯಿತು. ಕಚ್ಚಾ ತೈಲ ಅರವತ್ತು ಡಾಲರಿನ ಹತ್ತಿರ ಬಂತು, ದೆಹಲಿ ಎರಡು ರೂಪಾಯಿ ಸುಂಕ ಏರಿಸಿತು, ಅದಕ್ಕೂ ವಾರದ ಮೊದಲು ಕರ್ನಾಟಕ ತನ್ನ ಮಾರಾಟ ತೆರಿಗೆ ಏರಿಸಿ ಡೀಸೆಲನ್ನು ಎರಡು ರೂಪಾಯಿಯಷ್ಟು ದುಬಾರಿ ಮಾಡಿತ್ತು. ಆ ವಾರವೂ ನನ್ನ ಬ್ರೋಕರ್ "ತೈಲ ಬಿದ್ದುಹೋಗಿದೆ ಅಣ್ಣಾ" ಎಂದು ಕರೆ ಮಾಡಿದ. ಮಂಗಳೂರಿನ ಪಂಪಿನ ಬಿಲ್ಲಿನ ಫೋಟೊ ತೆಗೆದು ಕಳಿಸಿದೆ. ಆ ಮೇಲೆ ಆ ಮಾತು ಎತ್ತಲಿಲ್ಲ. ಆದ್ದರಿಂದ ಬಾಡಿಗೆಯ ಮಾತಿಗೆ ಕೂರುವಾಗ ಪಂಪಿನ ಬಿಲ್ಲೊಂದೇ ಆಧಾರ ಎನ್ನುವುದು ನನ್ನ ಮೊದಲ ನಿಯಮ. ಬೆಲೆ ಏರಿದಾಗಿನ ಬಿಲ್ಲು, ಇಳಿದಾಗಿನ ಬಿಲ್ಲು, ಎರಡನ್ನೂ ಕ್ಯಾಬಿನ್ನಿನ ಪೆಟ್ಟಿಗೆಯಲ್ಲಿ ಎಸೆಯದೆ ಇಡುತ್ತೇನೆ. ಆ ಕಾಗದದ ಮೇಲಿನ ಶಾಯಿ ಎರಡು ತಿಂಗಳಲ್ಲಿ ಮಾಸಿಹೋಗುತ್ತದೆ, ಅದಕ್ಕೆ ಫೋಟೊ.

ನಿಜವಾಗಿ ಇಳಿದದ್ದು 2021ರ ದೀಪಾವಳಿಗೆ. ಕೇಂದ್ರ ಹತ್ತು ರೂಪಾಯಿ ಸುಂಕ ಇಳಿಸಿತು, ಕರ್ನಾಟಕ ತನ್ನ ಪಾಲಿನಿಂದ ಏಳು ರೂಪಾಯಿ ಬಿಟ್ಟಿತು. ತೆರಿಗೆಯ ಮೇಲಿನ ತೆರಿಗೆಯೂ ಸೇರಿ ಕರ್ನಾಟಕದ ಪಂಪುಗಳಲ್ಲಿ ಹತ್ತೊಂಬತ್ತು ರೂಪಾಯಿಯಷ್ಟು ಇಳಿಯಿತು. ಕೇರಳ ತನ್ನ ತೆರಿಗೆಯ ದರವನ್ನು ಮುಟ್ಟಲಿಲ್ಲವಾದ್ದರಿಂದ ಇಲ್ಲಿ ಇಳಿದದ್ದು ಹನ್ನೆರಡರ ಆಸುಪಾಸು. ಒಂದೇ ರಸ್ತೆ, ಒಂದೇ ಮಳೆ, ಗಡಿಯ ಕಲ್ಲಿನ ಆಚೆ ಈಚೆ ಲೀಟರಿಗೆ ಏಳು ರೂಪಾಯಿಯ ಅಂತರ. ಮಂಜೇಶ್ವರ, ಉಪ್ಪಳ, ಹೊಸಂಗಡಿಯ ಬೈಕುಗಳೆಲ್ಲ ತಲಪಾಡಿ ದಾಟಿ ಸಾಲು ನಿಂತವು. 2023ರ ಏಪ್ರಿಲಿನಲ್ಲಿ ಕೇರಳ ಮತ್ತೆ ಎರಡು ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಸೇರಿಸಿತು. ಕರ್ನಾಟಕ 2024ರಲ್ಲಿ, 2025ರಲ್ಲಿ ತೆರಿಗೆ ಏರಿಸಿದ ಮೇಲೆ ಅಂತರ ಕಿರಿದಾಗಿದೆ, ಆದರೆ ಇದೆ. ಗಡಿಯಲ್ಲಿ ಹುಟ್ಟಿದವನಿಗೆ ದೇವರು ಕೊಟ್ಟ ಸಬ್ಸಿಡಿ ಇದೊಂದೇ ಎಂದು ನಾನು ತಮಾಷೆ ಮಾಡುವುದಿದೆ. ಭಾಷೆಯ ವಿಚಾರದಲ್ಲಿ ಎರಡೂ ಕಡೆಯಿಂದ ಪೆಟ್ಟು ತಿಂದವರಿಗೆ ಡೀಸೆಲಿನಲ್ಲಾದರೂ ಒಂದಿಷ್ಟು ಸಿಗಲಿ.

ಆ ದೀಪಾವಳಿಯ ಇಳಿಕೆಯಲ್ಲಿಯೇ ನಾನು ಬಾಡಿಗೆಯ ಲೆಕ್ಕವನ್ನು ಸರಿಯಾಗಿ ಕುಳಿತು ಹಾಕಿದೆ. ಅರ್ಥವಾಗಲೆಂದು ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ. ಬೈಕಂಪಾಡಿಯಿಂದ ಪೆರುಂಬಾವೂರಿನ ಕಡೆಗೆ ಸುಮಾರು 400 ಕಿಲೋಮೀಟರ್. ತುಂಬಿದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ 100 ಲೀಟರ್. ಡೀಸೆಲ್ 95 ರೂಪಾಯಿ ಇದ್ದಾಗ ಬಾಡಿಗೆ 20,000 ಎಂದು ಭಾವಿಸಿ. ಡೀಸೆಲಿಗೆ 9,500 ಹೋಗಿ ಉಳಿಕೆ 10,500. ಈ ಉಳಿಕೆಯಲ್ಲಿಯೇ ಕ್ಲೀನರಿನ ಭತ್ಯೆ, ಟೋಲು, ಬ್ರೋಕರಿನ ಕಮಿಷನ್, ಟಯರು, ಇನ್ಶೂರೆನ್ಸು, ಲಾರಿಯ ಕಂತು, ಮನೆಯ ಅಕ್ಕಿ ಎಲ್ಲ ಬರಬೇಕು.

ಈಗ ಡೀಸೆಲ್ 85ಕ್ಕೆ ಇಳಿಯಿತು. ಬ್ರೋಕರ್ ಬಲು ನ್ಯಾಯವಂತನಂತೆ ಹೇಳುತ್ತಾನೆ: "ಡೀಸೆಲ್ ನೂರಕ್ಕೆ ಹತ್ತು ಇಳಿದಿದೆ, ನೀವೂ ಬಾಡಿಗೆಯಲ್ಲಿ ನೂರಕ್ಕೆ ಹತ್ತು ಇಳಿಸಿ, ಇಬ್ಬರಿಗೂ ಸಮ." ಅಂದರೆ 18,000. ಅವನು ಕ್ಯಾಲ್ಕುಲೇಟರಿನಲ್ಲಿ ಇನ್ನೊಂದು ಲೆಕ್ಕವನ್ನೂ ತೋರಿಸುತ್ತಾನೆ: ಮೊದಲು ನಿಮ್ಮ ಬಾಡಿಗೆಗೆ 210 ಲೀಟರ್ ಡೀಸೆಲ್ ಬರುತ್ತಿತ್ತು, ಈಗಲೂ 211 ಲೀಟರ್ ಬರುತ್ತದೆ, ಏನು ಕಳೆದುಕೊಂಡಿರಿ? ಕೇಳಲು ಚೆನ್ನಾಗಿದೆ. ಆದರೆ 18,000ದಲ್ಲಿ ಡೀಸೆಲಿನ 8,500 ಕಳೆದರೆ ಉಳಿಕೆ 9,500. ಡೀಸೆಲ್ ಅಗ್ಗವಾದ ದಿನ ನನ್ನ ಕೈಯಿಂದ ಸಾವಿರ ರೂಪಾಯಿ ಹೋಯಿತು. ಫೈನಾನ್ಸಿನವನು ಕಂತನ್ನು ಲೀಟರಿನಲ್ಲಿ ಎಣಿಸುವುದಿಲ್ಲವಲ್ಲ. ಬಾಡಿಗೆಯ ಅರ್ಧದಷ್ಟು ಮಾತ್ರ ಡೀಸೆಲ್. ಹಾಗಾಗಿ ಡೀಸೆಲ್ ನೂರಕ್ಕೆ ಹತ್ತು ಇಳಿದರೆ ಬಾಡಿಗೆ ನೂರಕ್ಕೆ ಐದು ಇಳಿದಲ್ಲಿಗೆ ಪಾರ್ಟಿಗೆ ಪೂರ್ತಿ ಲಾಭ ಹೋದಂತಾಯಿತು, ನಾನು ಇದ್ದಲ್ಲಿಯೇ ಇದ್ದೇನೆ. ಅದಕ್ಕಿಂತ ಕೆಳಗೆ ಇಳಿಸಿದ ಒಂದೊಂದು ರೂಪಾಯಿಯೂ ನನ್ನ ಟಯರಿನಿಂದ ಕಿತ್ತು ಕೊಟ್ಟದ್ದು.

ಶೇಕಡಾ ಲೆಕ್ಕದ ಮಾತು ಬಂದ ಕೂಡಲೇ ನಾನು ಅದನ್ನು ರೂಪಾಯಿಗೆ ತಿರುಗಿಸುತ್ತೇನೆ. "ಶೇಕಡಾ ಬೇಡ, ಈ ಟ್ರಿಪ್ಪಿಗೆ ಎಷ್ಟು ಲೀಟರ್, ಲೀಟರಿಗೆ ಎಷ್ಟು ರೂಪಾಯಿ ಇಳಿಯಿತು, ಗುಣಿಸಿ ಹೇಳಿ" ಎಂದರೆ ಮಾತು ಅಲ್ಲಿಗೆ ನೇರವಾಗುತ್ತದೆ. 2024ರ ಮಾರ್ಚಿನಲ್ಲಿ ಚುನಾವಣೆಗೆ ಮೊದಲು ಎರಡು ರೂಪಾಯಿ ಇಳಿದಾಗ ನೂರು ಲೀಟರಿಗೆ ಇನ್ನೂರು ರೂಪಾಯಿ. ಅದಕ್ಕೆ ಸಾವಿರ ಕೇಳಿದವರಿದ್ದರು. ಅವರ ಮುಂದೆಯೇ ಗುಣಿಸಿ ತೋರಿಸಿದಾಗ ಒಬ್ಬರು ನಕ್ಕು ಬಿಟ್ಟುಬಿಟ್ಟರು, ಒಬ್ಬರು ಬೇರೆ ಲಾರಿ ನೋಡಿಕೊಂಡರು. ಬೇರೆ ಲಾರಿ ಸಿಗುತ್ತದೆ ಎಂಬುದೇ ನಮ್ಮ ದೊಡ್ಡ ಕಷ್ಟ.

ಈ ಬೇರೆ ಲಾರಿ ಎಲ್ಲಿಂದ ಬರುತ್ತದೆ ಎನ್ನುವುದನ್ನು ಸ್ವಲ್ಪ ಹೇಳಬೇಕು. ಡೀಸೆಲ್ ದುಬಾರಿಯಿದ್ದಾಗ ಹಳೆಯ ಲಾರಿಗಳು, ಕಂತು ಕಟ್ಟಲಾರದವರ ಲಾರಿಗಳು ಮನೆಯ ಮುಂದೆ ತೆಂಗಿನ ಮಡಲು ಬೀಳಿಸಿಕೊಂಡು ನಿಂತಿರುತ್ತವೆ. ಇಳಿದ ಕೂಡಲೇ ಅವುಗಳಿಗೆಲ್ಲ ಬ್ಯಾಟರಿ ಚಾರ್ಜ್ ಆಗುತ್ತದೆ. ಬಂದರಿನ ಬುಕಿಂಗ್ ಕಚೇರಿಯ ಮುಂದೆ ಎರಡು ವಾರದೊಳಗೆ ಸಾಲು ಉದ್ದವಾಗುತ್ತದೆ, ಲೋಡು ಅಷ್ಟೇ ಇರುತ್ತದೆ. ದೊಡ್ಡ ಫ್ಲೀಟಿನವರೂ ಕರಾರಿನ ಲೋಡು ಕಡಿಮೆಯಾದ ದಿನ ನಮ್ಮ ಸಾಲಿಗೆ ಬಂದು ಕಡಿಮೆಗೆ ಒಪ್ಪುತ್ತಾರೆ. ಸರಕಾರ 2018ರ ಜುಲೈಯಲ್ಲಿ ಆಕ್ಸಲ್ ಭಾರದ ಮಿತಿ ಏರಿಸಿದಾಗ ಇದೇ ಬಗೆಯ ಆಟ ನಡೆದಿತ್ತು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ಲಾರಿ ಅಷ್ಟೇ, ಸಾಗಿಸುವ ಶಕ್ತಿ ಹೆಚ್ಚು, ಬಾಡಿಗೆ ಟನ್ನಿಗೆ ಕೆಳಗೆ. ಲಾಭ ಲಾರಿಯವನದು ಎಂದು ಘೋಷಿಸಿದ್ದು ಕಡೆಗೆ ಗೋದಾಮಿನವನ ಪುಸ್ತಕದಲ್ಲಿ ಕಾಣಿಸಿಕೊಂಡಿತು.

ಹಾಗಾಗಿ ಡೀಸೆಲ್ ಇಳಿಕೆಯ ಲಾಭ ಒಂಟಿ ಲಾರಿಯವನಿಗೆ ಸಿಗುವುದು ಮೊದಲ ಹತ್ತು ಹದಿನೈದು ದಿನ, ಹೊಸ ಬಾಡಿಗೆ ಕುದುರುವ ತನಕ. ನನ್ನ ಮಟ್ಟಿಗೆ ಇದು ಖಚಿತ. ಆ ದಿನಗಳಲ್ಲಿ ನಾನು ಮಾಡುವುದು ಇಷ್ಟು: ಇಳಿಕೆಯ ಮೊದಲೇ ಮಾತಾದ ಲೋಡುಗಳನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ, ಮರುಮಾತಿಗೂ ಕೂರುವುದಿಲ್ಲ. ಕಣ್ಣೂರು, ಪಯ್ಯನ್ನೂರಿನಂಥ ಹತ್ತಿರದ ಲೋಡು ಬಿಟ್ಟು ದೂರದ್ದನ್ನು ಹಿಡಿಯುತ್ತೇನೆ, ಏಕೆಂದರೆ ಹತ್ತಿರದ ಓಟದಲ್ಲಿ ತುಂಬುವ, ಇಳಿಸುವ, ಕಾಯುವ ಖರ್ಚೇ ಹೆಚ್ಚು; ದೂರದ್ದರಲ್ಲಿ ಡೀಸೆಲ್ ಹೆಚ್ಚು, ಆದ್ದರಿಂದ ಇಳಿಕೆಯೂ ಹೆಚ್ಚು. ಮತ್ತೆ, ಹೊಸ ಲೋಡಿಗೆ ಬಾಡಿಗೆಯನ್ನು ನಾನು ಮೊದಲು ಬಾಯಿಬಿಟ್ಟು ಹೇಳುವುದಿಲ್ಲ. ಕಾಯುತ್ತೇನೆ. ಅವರೇ ಹೇಳಲಿ.

ರಿಟರ್ನ್ ಲೋಡಿನ ಕತೆ ಬೇರೆ, ಅಲ್ಲಿ ಬಾಡಿಗೆ ಇಳಿಯುವುದು ಪಾತಾಳಕ್ಕೆ. ಪೆರುಂಬಾವೂರಿನಲ್ಲಿ ನಿಂತವನಿಗೆ ಹೇಗೂ ಮಂಗಳೂರಿಗೆ ವಾಪಸು ಬರಬೇಕು ಎಂದು ಅಲ್ಲಿನ ಏಜೆಂಟನಿಗೆ ಗೊತ್ತು. ಡೀಸೆಲ್ ಖರ್ಚು ಬಂದರೆ ಸಾಕು ಎಂದು ಒಪ್ಪುವವರು ಹೆಚ್ಚು. ಡೀಸೆಲ್ ಖರ್ಚೇ ಇಳಿದರೆ ಆ ಬಾಡಿಗೆಯೂ ಅದರ ಬೆನ್ನಿಗೇ ಇಳಿಯುತ್ತದೆ, ಅಲ್ಲಿ ಇನ್ನೂರು ಮುನ್ನೂರರ ಉಳಿಕೆಯೂ ಇಲ್ಲ. ಮಲಯಾಳದಲ್ಲಿ ಮಾತಾಡಲು ಬರುವುದರಿಂದ ನನಗೆ ಸ್ವಲ್ಪ ಅನುಕೂಲ. ಘಟ್ಟದ ಮೇಲಿನಿಂದ ಬಂದ ಡ್ರೈವರುಗಳಿಗಿಂತ ಐನೂರು ಹೆಚ್ಚು ಪಡೆದದ್ದಿದೆ. ಆದರೆ ಇದನ್ನು ಉಪಾಯ ಎನ್ನಲಾರೆ.

ಉಪಾಯ ಎನ್ನಬಹುದಾದದ್ದು ಬೈಕಂಪಾಡಿಯ ಒಂದು ಪಶು ಆಹಾರದ ಗೋದಾಮಿನ ಯಜಮಾನರ ಜತೆ ಮಾಡಿಕೊಂಡ ಒಪ್ಪಂದ. ವರ್ಷಗಳಿಂದ ಅವರ ಮಾಲು ಸಾಗಿಸುತ್ತಿದ್ದೇನೆ. 2022ರ ಮೇಯಲ್ಲಿ ಕೇಂದ್ರ ಮತ್ತೆ ಆರು ರೂಪಾಯಿ ಸುಂಕ ಇಳಿಸಿದಾಗ ಅವರೇ ಬಾಡಿಗೆಯ ಮಾತು ಎತ್ತಿದರು. ಅಂದು ನಾನು ಒಂದು ಬಿಲ್ಲಿನ ಹಿಂಬದಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟೆ. ಇಂದಿನ ಬಾಡಿಗೆ ಇಷ್ಟು. ಇಂದಿನ ಡೀಸೆಲ್ ಬೆಲೆ ಇಷ್ಟು, ಮಂಗಳೂರಿನ ಇಂಥ ಪಂಪಿನದು. ಟ್ರಿಪ್ಪಿಗೆ 100 ಲೀಟರ್. ತಿಂಗಳ ಒಂದನೇ ತಾರೀಕು ಮತ್ತು ಹದಿನಾರನೇ ತಾರೀಕಿನ ಬೆಲೆ ನೋಡುವುದು. ಒಂದು ರೂಪಾಯಿ ಏರಿದರೆ ಬಾಡಿಗೆ ನೂರು ರೂಪಾಯಿ ಏರುತ್ತದೆ, ಇಳಿದರೆ ನೂರು ಇಳಿಯುತ್ತದೆ. ಒಂದು ರೂಪಾಯಿಯೊಳಗಿನ ಏರಿಳಿತಕ್ಕೆ ಏನೂ ಇಲ್ಲ. ತಾರೀಕು ನಾನು ಹುಟ್ಟಿಸಿಕೊಂಡದ್ದಲ್ಲ. 2017ರ ಜೂನಿನಲ್ಲಿ ದಿನವೂ ಬೆಳಗ್ಗೆ ಆರಕ್ಕೆ ಬೆಲೆ ಬದಲಾಗುವ ಪದ್ಧತಿ ಬರುವ ಮೊದಲು ಕಂಪನಿಗಳು ಹದಿನೈದು ದಿನಕ್ಕೊಮ್ಮೆ ಬೆಲೆ ಬದಲಿಸುತ್ತಿದ್ದವು, ನಮ್ಮವರಿಗೆಲ್ಲ ಅದು ರೂಢಿಯಲ್ಲಿತ್ತು.

ಯಜಮಾನರು ಕನ್ನಡಕ ಏರಿಸಿ ಎರಡು ಸಲ ಓದಿದರು. "ನಿನ್ನ ಲಾರಿ ನೂರಹತ್ತು ಲೀಟರ್ ಕುಡಿದರೆ ಎಂಥ ಮಾಡುವುದು ಮಾರಾಯ?"

"ಅದು ನನ್ನ ತಲೆನೋವು ಧಣಿಗಳೇ. ತೊಂಬತ್ತೈದು ಕುಡಿದರೆ ಅದು ನನ್ನ ಲಾಭ, ಆಗ ನೀವು ಕೇಳಬಾರದು."

"ಇಳಿಯುವಾಗ ನಾನು ಫೋನು ಮಾಡಬೇಕಾ, ನೀನೇ ಇಳಿಸುತ್ತೀಯಾ?"

"ಬಿಲ್ಲಿನಲ್ಲಿ ನಾನೇ ಇಳಿಸಿ ಬರೆಯುತ್ತೇನೆ. ಏರುವಾಗಲೂ ನಾನೇ ಏರಿಸಿ ಬರೆಯುತ್ತೇನೆ, ಆಗ ಮುಖ ಸಿಂಡರಿಸಬಾರದು."

ಅವರು ಒಪ್ಪಿದ್ದಕ್ಕೆ ಕಾರಣ ನನ್ನ ಮೇಲಿನ ಪ್ರೀತಿಯಲ್ಲ. ಡೀಸೆಲ್ ಸರ್ರನೆ ಏರುವ ದಿನಗಳಲ್ಲಿ ಲಾರಿ ಸಿಗದೆ ಅವರ ಗೋದಾಮಿನಲ್ಲಿ ಚೀಲ ಕೊಳೆತದ್ದಿದೆ. ಏರಿದರೂ ಲಾರಿ ಬರುತ್ತದೆ ಎಂಬ ಭರವಸೆ ಅವರಿಗೆ ಬೇಕಿತ್ತು, ಇಳಿದರೆ ಲೀಟರಿನ ಒಂದು ರೂಪಾಯಿಗೆ ನೂರಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂಬ ಮಾತು ನನಗೆ ಬೇಕಿತ್ತು. 2024ರ ಮಾರ್ಚಿನಲ್ಲಿ ಇಳಿದಾಗ ಇನ್ನೂರು ಇಳಿಸಿ ಬರೆದೆ, ಆ ಜೂನಿನಲ್ಲಿ ಕರ್ನಾಟಕ ತೆರಿಗೆ ಏರಿಸಿ ಮೂರು ರೂಪಾಯಿಯಷ್ಟು ಹೆಚ್ಚಾದಾಗ ಮುನ್ನೂರು ಏರಿಸಿ ಬರೆದೆ. ಮುಖ ಸಿಂಡರಿಸಿದರು, ಕೊಟ್ಟರು. ಎಲ್ಲ ಪಾರ್ಟಿಗಳೂ ಇದಕ್ಕೆ ಬರುವುದಿಲ್ಲ. ಬ್ರೋಕರ್ ಮೂಲಕ ಬರುವ ಲೋಡಿನಲ್ಲಂತೂ ಸಾಧ್ಯವೇ ಇಲ್ಲ, ಏಕೆಂದರೆ ಪಾರ್ಟಿ ಯಾರು, ಅವರು ನಿಜಕ್ಕೂ ಎಷ್ಟು ಕೊಟ್ಟರು ಎಂಬುದೇ ನಮಗೆ ತಿಳಿಯುವುದಿಲ್ಲ. ಬಾಡಿಗೆ ಇಳಿಸಿದ ಹಣ ಪಾರ್ಟಿಗೆ ತಲುಪಿತೋ ನಡುವೆಯೇ ನಿಂತಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದ್ದರಿಂದ ಹೊಸಬರಿಗೆ ನಾನು ಹೇಳುವುದು, ಮೂರು ಲೋಡಿನಲ್ಲಿ ಒಂದಾದರೂ ನೇರ ಪಾರ್ಟಿಯದಿರಲಿ ಎಂದು.

ಇನ್ನು ಟ್ಯಾಂಕು. ನನ್ನ ಟ್ಯಾಂಕು ಸುಮಾರು ಮುನ್ನೂರು ಲೀಟರ್ ಹಿಡಿಯುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಕೆಟ್ಟವರಿದ್ದಾರೆ, ನಾನು ಅಡಿಕೆ ಮರದ ಸೀಳಿನಿಂದ ಒಂದು ಕೋಲು ಮಾಡಿಕೊಂಡಿದ್ದೇನೆ. ಖಾಲಿ ಟ್ಯಾಂಕಿಗೆ ಇಪ್ಪತ್ತೈದು ಇಪ್ಪತ್ತೈದು ಲೀಟರ್ ಹಾಕಿಸುತ್ತ, ಪ್ರತಿ ಸಲವೂ ಕೋಲು ಇಳಿಸಿ, ಒದ್ದೆಯಾದಲ್ಲಿ ಚೂರಿಯಿಂದ ಗೀರು ಹಾಕಿದ್ದು. ಟ್ಯಾಂಕಿನ ಅಡಿ ದುಂಡಗಿರುವುದರಿಂದ ಕೆಳಗಿನ ಗೀರುಗಳು ದೂರದೂರ, ನಡುವಿನವು ಒತ್ತೊತ್ತು. ಪಂಪಿನ ಹುಡುಗರು ಈ ಕೋಲನ್ನು ಕಂಡರೆ ಮೀಟರನ್ನು ಸೊನ್ನೆಗೆ ತಂದು ತೋರಿಸಿಯೇ ಹಾಕುತ್ತಾರೆ. ಲಾರಿ ಸಮತಟ್ಟಾದ ನೆಲದ ಮೇಲಿರಬೇಕು, ಬೆಳಗ್ಗೆ ತಣ್ಣಗಿರುವಾಗ ಅಳೆಯಬೇಕು. ನನ್ನ ಪುಸ್ತಕದ ಲೆಕ್ಕವೆಲ್ಲ ಈ ಕೋಲಿನದು.

ಹೋಗುವಾಗ ಗಡಿಯ ಆಚೆ, ಅಂದರೆ ಕರ್ನಾಟಕದಲ್ಲಿ ತುಂಬಿಸುತ್ತೇನೆ. ಆದರೆ ಅಗ್ಗ ಎಂದು ಕಣ್ಣು ಮುಚ್ಚಿ ತುಂಬಿಸುವಂತಿಲ್ಲ. ಮುನ್ನೂರು ಲೀಟರ್ ಎಂದರೆ ಸುಮಾರು 250 ಕಿಲೋ. ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ ಮಿತಿಯ ಅಂಚಿನಲ್ಲಿರುವ ಲೋಡಾದರೆ ಐದು ಚೀಲ ಪಶು ಆಹಾರದಷ್ಟು ತೂಕವನ್ನು ಡೀಸೆಲೇ ತಿಂದಿರುತ್ತದೆ, ದಂಡ ಬಿದ್ದರೆ ಉಳಿಸಿದ್ದೆಲ್ಲ ಹೋಯಿತು. ಹಾಗಾಗಿ ಲೋಡು ನೋಡಿ ಟ್ಯಾಂಕು. ದಾರಿಯಲ್ಲಿ ಮಾಹೆ ಇದೆ. ಪುದುಚೇರಿಗೆ ಸೇರಿದ ಊರಾದ್ದರಿಂದ ಅಲ್ಲಿ ಕೇರಳಕ್ಕಿಂತ ಲೀಟರಿಗೆ ಹತ್ತು ರೂಪಾಯಿ ಅಗ್ಗ. 2024ರ ಮಾರ್ಚಿನಲ್ಲಿ ತಲಶ್ಶೇರಿ ಮಾಹೆ ಬೈಪಾಸು ತೆರೆದ ಮೇಲೆ ಲಾರಿಗಳು ಊರೊಳಗೆ ಹೋಗುವುದು ಕಡಿಮೆಯಾಗಿದೆ. ಹಳೆಯ ದಾರಿಯಲ್ಲಿ ಹೋದರೆ ಟೋಲು ಉಳಿಯುತ್ತದೆ, ಡೀಸೆಲ್ ಅಗ್ಗ ಸಿಗುತ್ತದೆ, ಆದರೆ ತಲಶ್ಶೇರಿಯ ಇಕ್ಕಟ್ಟಿನಲ್ಲಿ ಗಂಟೆ ಹೋಗುತ್ತದೆ. ಬರುವಾಗ ನೂರು ಲೀಟರಿಗಿಂತ ಹೆಚ್ಚು ಬೇಕಿದ್ದರೆ ಮಾತ್ರ ರಾತ್ರಿ ಹತ್ತರ ಮೇಲೆ ಹಳೆಯ ದಾರಿ ಹಿಡಿಯುತ್ತೇನೆ. ಕಾಸರಗೋಡು ಜಿಲ್ಲೆಯೊಳಗೆ, ನನ್ನ ಸ್ವಂತ ಊರಿನಲ್ಲಿ, ನಾನು ಡೀಸೆಲ್ ಹಾಕಿಸುವುದು ಟ್ಯಾಂಕು ಒಣಗಿದಾಗ ಮಾತ್ರ. ಊರಿನ ಪಂಪಿನವರಿಗೆ ನನ್ನ ಮೇಲೆ ಸಿಟ್ಟಿದೆ, ಸಿಟ್ಟು ನ್ಯಾಯವೇ.

ಬೆಲೆಯ ಮಾತಿನ ಗದ್ದಲದಲ್ಲಿ ಮೈಲೇಜು ಮರೆತುಹೋಗುತ್ತದೆ. ರಸ್ತೆ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ತಲಪಾಡಿಯಿಂದ ಚೆಂಗಳದ ತನಕ ಸರ್ವಿಸ್ ರಸ್ತೆಯಲ್ಲಿ ಹಾರಿ ಬಿದ್ದು, ಫಸ್ಟ್ ಗೇರು ಸೆಕೆಂಡ್ ಗೇರಿನಲ್ಲಿ ತೆವಳಿ, ನನ್ನ ಲಾರಿ ಲೀಟರಿಗೆ 3.7ರ ಆಸುಪಾಸಿಗೆ ಇಳಿದಿತ್ತು. ಆರು ಪಥದ ರಸ್ತೆ ಬಿಟ್ಟುಕೊಟ್ಟ ಮೇಲೆ ನಾಲ್ಕಕ್ಕೆ ಬಂತು. 400 ಕಿಲೋಮೀಟರಿಗೆ ಎಂಟು ಲೀಟರ್ ವ್ಯತ್ಯಾಸ, ಏಳುನೂರು ರೂಪಾಯಿಗೂ ಮೇಲೆ. ಚುನಾವಣೆಯ ಎರಡು ರೂಪಾಯಿ ಇಳಿಕೆ ಕೊಟ್ಟದ್ದು ಇನ್ನೂರು. ಅದನ್ನೂ ಯಜಮಾನರಿಗೆ ವಾಪಸು ಬರೆದುಕೊಟ್ಟೆ, ಈ ಏಳುನೂರನ್ನು ಯಾರೂ ಕೇಳಲಿಲ್ಲ. ಚೆರುವತ್ತೂರಿನಲ್ಲಿ ವೀರಮಲೆ ಗುಡ್ಡ 2025ರ ಮಳೆಗಾಲದಲ್ಲಿ ಕುಸಿದಂಥ ಸಂದರ್ಭ ಬಂದರೆ ಎಲ್ಲ ಲೆಕ್ಕ ತಲೆಕೆಳಗು, ಅದು ಬೇರೆ. ಅರವತ್ತರ ಮೇಲೆ ವೇಗ ಏರಿಸದಿರುವುದು, ಟಯರಿಗೆ ಗಾಳಿ ವಾರಕ್ಕೊಮ್ಮೆ ನೋಡುವುದು, ಟಾರ್ಪಾಲು ಗಾಳಿಗೆ ಪಟಪಟ ಹೊಡೆಯದಂತೆ ಬಿಗಿದು ಕಟ್ಟುವುದು, ನಿಂತಾಗ ಎಂಜಿನ್ ಆರಿಸುವುದು: ಇವನ್ನೆಲ್ಲ ಎಲ್ಲರೂ ಬಲ್ಲರು, ಡೀಸೆಲ್ ಅಗ್ಗವಾದ ತಿಂಗಳು ಎಲ್ಲರೂ ಮರೆಯುತ್ತಾರೆ. ಕೈ ಸಡಿಲವಾಗುವುದು ಆಗಲೇ.

ಉಳಿದ ಹಣವನ್ನು ಏನು ಮಾಡುವುದು ಎಂಬ ವಿಚಾರದಲ್ಲಿ ನನ್ನದು ಸ್ವಲ್ಪ ಹಟಮಾರಿ ಅಭಿಪ್ರಾಯ. 2021ರ ಇಳಿಕೆಯಲ್ಲಿ ಎರಡನೇ ಲಾರಿಗೆ ಅಡ್ವಾನ್ಸ್ ಕೊಟ್ಟವರನ್ನು ಬಲ್ಲೆ. ಮರುವರ್ಷ ಮಾರ್ಚಿನ ಕೊನೆಯಿಂದ ಡೀಸೆಲ್ ಮತ್ತೆ ದಿನದಿನವೂ ಏರತೊಡಗಿದಾಗ ಎರಡು ಲಾರಿಯ ಕಂತು ಅವರ ಕುತ್ತಿಗೆಗೆ ಬಂತು. ನಾನು ಮೊದಲು ತೀರಿಸಿದ್ದು ಪಂಪಿನ ಸಾಲ. ಸಾಲಕ್ಕೆ ಡೀಸೆಲ್ ಹಾಕಿಸುವವನಿಗೆ ಪಂಪನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವುದಿಲ್ಲ. ಗಡಿಯಾಚೆ ಏಳು ರೂಪಾಯಿ ಅಗ್ಗವಿದ್ದರೂ ಸಾಲ ಇರುವ ಪಂಪಿಗೇ ಹೋಗಬೇಕು. ಆ ಸಾಲ ತೀರಿದ ಮೇಲಷ್ಟೇ ತಲಪಾಡಿಯ ಅಂತರ ನನ್ನದಾಯಿತು. ಅದರ ನಂತರ ಟಯರು. ಮುಂದಿನ ಎರಡಕ್ಕೆ ಹೊಸತು, ಹಿಂದಿನ ಎಂಟರಲ್ಲಿ ಸವೆದವಕ್ಕೆ ರೀಸೋಲು, ಅಂದರೆ ಮೇಲೆ ಹೊಸ ರಬ್ಬರು ಹಾಕಿಸುವುದು. ಇನ್ಶೂರೆನ್ಸು ಡೀಸೆಲ್ ಇಳಿಯಿತೆಂದು ಇಳಿಯುವುದಿಲ್ಲ, ಟೋಲು ಪ್ರತಿ ಏಪ್ರಿಲಿನಲ್ಲಿ ಏರುತ್ತದೆ. ಇವೆರಡಕ್ಕೆಂದು ಸಹಕಾರಿ ಬ್ಯಾಂಕಿನಲ್ಲಿ ಬೇರೆಯೇ ಒಂದು ಖಾತೆ ಇಟ್ಟಿದ್ದೇನೆ, ಇಳಿಕೆಯ ದಿನಗಳಲ್ಲಿ ಟ್ರಿಪ್ಪಿಗೆ ಇಂತಿಷ್ಟೆಂದು ಅಲ್ಲಿಗೆ ಹೋಗುತ್ತದೆ. ಎಟಿಎಂ ಕಾರ್ಡು ಹೆಂಡತಿಯ ಹತ್ತಿರ. ದಾರಿಯಲ್ಲಿ ನನಗೆ ಹಸಿವಾದಾಗ ಅದು ಕೈಗೆ ಸಿಗದಿರುವುದೇ ಒಳ್ಳೆಯದು ಎಂದು ಅವಳ ಅಭಿಪ್ರಾಯ, ನಾನು ವಾದಿಸಲು ಹೋಗಿಲ್ಲ.

ಬ್ರೋಕರ್ ಈಗಲೂ ಕರೆ ಮಾಡುತ್ತಾನೆ. ಒಂದೂವರೆ ಕೇಳುವವನು ಈಚೆಗೆ "ಎಷ್ಟು ಲೀಟರಿನ ಲೆಕ್ಕ ಹಾಕುತ್ತೀರಿ ಅಣ್ಣಾ?" ಎಂದು ಶುರುಮಾಡುತ್ತಾನೆ. ನಾನು ನೂರು ಎನ್ನುತ್ತೇನೆ, ಅವನು ನೂರಿಪ್ಪತ್ತು ಎನ್ನುತ್ತಾನೆ, ಚೌಕಾಸಿ ಅಲ್ಲಿಂದ ಮುಂದೆ.